ಏಕದಿನದ ಶ್ರೇಷ್ಠ ಬ್ಯಾಟ್ಸ್‌ಮನ್ ಯಾರು? ತೀರ್ಪುಗಾರರೊಬ್ಬರ ಪೇಚಿಗೆ ಉತ್ತರ

ಪ್ರಶ್ನೆ: ನಮ್ಮ ಗೆಳೆಯರ ಬಳಗ ವರ್ಷಕ್ಕೊಮ್ಮೆ ಚರ್ಚಾಸ್ಪರ್ಧೆ ನಡೆಸುತ್ತದೆ. ಈ ಸಲದ ವಿಷಯ ‘ಏಕದಿನ ಕ್ರಿಕೆಟ್‌ನ ಸರ್ವಶ್ರೇಷ್ಠ ಬ್ಯಾಟ್ಸ್‌ಮನ್ ಯಾರು’. ತೀರ್ಪುಗಾರನ ಕೆಲಸ ನನ್ನ ತಲೆಗೆ ಬಂದಿದೆ. ಅಭ್ಯಾಸದ ಸುತ್ತಿನಲ್ಲೇ ಕೈಕೈ ಮಿಲಾಯಿಸುವಷ್ಟು ಜಗಳ. ಒಬ್ಬ ಸಚಿನ್‌ರ 18,426 ರನ್ ಮುಂದಿಟ್ಟ. ಇನ್ನೊಬ್ಬ ಕೊಹ್ಲಿಯ ಸರಾಸರಿ ತೋರಿಸಿ ‘ಮಾತು ಮುಗೀತು’ ಅಂದ. ವಯಸ್ಸಿನಲ್ಲಿ ಹಿರಿಯರಾದ ಒಬ್ಬರು ‘ವೆಸ್ಟ್ ಇಂಡೀಸ್‌ನ ವಿವಿಯನ್ ರಿಚರ್ಡ್ಸ್ ಈಗ ಆಡಿದ್ದರೆ ಸ್ಟ್ರೈಕ್‌ರೇಟ್ (ನೂರು ಎಸೆತಕ್ಕೆ ಗಳಿಸುವ ರನ್) 130 ಇರುತ್ತಿತ್ತು’ ಎಂದರು. ಆಸ್ಟ್ರೇಲಿಯಾದ ಬೆವನ್ ಹೆಸರು ತಂದವನನ್ನು ‘ಅದು ನಾಟೌಟ್ ಸರಾಸರಿ, ಮೋಸ’ ಎಂದು ಕೂರಿಸಿದರು. ‘ಸಚಿನ್ ಶತಕ ಹೊಡೆದರೆ ಭಾರತ ಸೋಲುತ್ತೆ’ ಎಂಬ ಹಳೇ ರಾಗವೂ ಬಂತು. ಇದರಲ್ಲಿ ನಿಜ ಎಷ್ಟು, ಬುರುಡೆ ಎಷ್ಟು? ನಾನು ಯಾವ ಅಳತೆಗೋಲು ಹಿಡಿಯಲಿ? ಕೊನೆಗೆ ನೀವೂ ಒಂದು ಹೆಸರು ಹೇಳಿ. ದಯವಿಟ್ಟು ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ.

ಉತ್ತರ: ನಿಮ್ಮ ಪೇಚಿಗೆ ಕಾರಣ ಅಂಕಿಗಳ ಕೊರತೆಯಲ್ಲ. ಹೆಚ್ಚಿನವರು ಸರಿಯಾದ ಅಂಕಿಯನ್ನೇ ಹೇಳಿದ್ದಾರೆ, ಆದರೆ ಒಬ್ಬೊಬ್ಬರೂ ಒಂದೊಂದು ಪ್ರಶ್ನೆಗೆ ಉತ್ತರಿಸುತ್ತಿದ್ದಾರೆ. ಒಬ್ಬನ ಪ್ರಶ್ನೆ ‘ಯಾರು ಹೆಚ್ಚು ಕಾಲ ದುಡಿದರು’. ಇನ್ನೊಬ್ಬನದು ‘ಯಾರು ಔಟಾಗುವ ಮುನ್ನ ಹೆಚ್ಚು ಗಳಿಸುತ್ತಾರೆ’. ಹಿರಿಯರದು ‘ಯಾರು ತಮ್ಮ ಕಾಲವನ್ನು ಮೀರಿ ನಿಂತರು’. ತೀರ್ಪುಗಾರರಾಗಿ ನೀವು ಮೊದಲು ಮಾಡಬೇಕಾದದ್ದು ಹೆಸರುಗಳನ್ನು ಪಕ್ಕಕ್ಕಿಟ್ಟು, ಯಾವ ಪ್ರಶ್ನೆಗೆ ಅಂಕ ಕೊಡುತ್ತೀರಿ ಎಂದು ಮುಂಚೆಯೇ ಹೇಳಿಬಿಡುವುದು.

ಮೊದಲು ಬುರುಡೆಗಳನ್ನು ವಿಲೇವಾರಿ ಮಾಡೋಣ. ಸುಲಭವಾದದ್ದರಿಂದ ಶುರು.

‘ಸಚಿನ್ ಶತಕ ಹೊಡೆದರೆ ಸೋಲು’

ಸಚಿನ್‌ರ 49 ಏಕದಿನ ಶತಕಗಳಲ್ಲಿ 33 ಗೆದ್ದ ಪಂದ್ಯಗಳಲ್ಲಿ ಬಂದವು, 14 ಸೋತವುಗಳಲ್ಲಿ. ಒಂದು ಟೈ (2011ರ ವಿಶ್ವಕಪ್‌ನಲ್ಲಿ ಬೆಂಗಳೂರಿನಲ್ಲಿ ಇಂಗ್ಲೆಂಡ್ ಎದುರು, ಎರಡೂ ತಂಡ 338), ಒಂದು ಫಲಿತಾಂಶವಿಲ್ಲದ್ದು. ಅಂದರೆ ಅವರು ಶತಕ ಹೊಡೆದ ಮೂರು ಪಂದ್ಯಗಳಲ್ಲಿ ಎರಡನ್ನು ಭಾರತ ಗೆದ್ದಿದೆ. ಆ ಮಾತು ಹುಟ್ಟಿದ್ದಕ್ಕೆ ಕಾರಣ ಸರಳ: ಗೆದ್ದ ಪಂದ್ಯದ ಶತಕ ಸಂಭ್ರಮದಲ್ಲಿ ಕರಗಿಹೋಗುತ್ತದೆ, ಸೋತ ಪಂದ್ಯದ ಶತಕ ಹುಣ್ಣಿನಂತೆ ನೆನಪಿನಲ್ಲಿ ಉಳಿಯುತ್ತದೆ.

ಇನ್ನೂ ಒಂದು ಸಂಗತಿ. ಸೋತದ್ದೆಲ್ಲ ವ್ಯರ್ಥವೂ ಅಲ್ಲ. 1998ರ ಏಪ್ರಿಲ್ 22ರ ಶಾರ್ಜಾ ಪಂದ್ಯ ನೋಡಿ. ಆಸ್ಟ್ರೇಲಿಯಾ ಕೊಟ್ಟ ಗುರಿ 285. ಮರಳುಗಾಳಿ ಎದ್ದು ಆಟ ನಿಂತಿತು, ಗುರಿ 46 ಓವರ್‌ಗಳಲ್ಲಿ 276ಕ್ಕೆ ಇಳಿಯಿತು. ಫೈನಲ್‌ಗೆ ಹೋಗಲು ಗೆಲುವು ಬೇಕಿರಲಿಲ್ಲ, 237 ಸಾಕಿತ್ತು. ಸಚಿನ್ 131 ಎಸೆತಗಳಲ್ಲಿ 143 ಹೊಡೆದರು, ಭಾರತ 250ಕ್ಕೆ ನಿಂತು 26 ರನ್‌ಗಳಿಂದ ಸೋತಿತು, ಫೈನಲ್‌ಗೆ ಹೋಯಿತು. ಎರಡು ದಿನ ಬಿಟ್ಟು ಅದೇ ಎದುರಾಳಿಯ ಮೇಲೆ 134, ಕಪ್ ಭಾರತಕ್ಕೆ. ಪಟ್ಟಿಯಲ್ಲಿ ಮೊದಲನೆಯದು ‘ಸೋತ ಶತಕ’. ಸ್ಪರ್ಧಿ ಯಾರಾದರೂ ಈ ಬಗೆಯ ಎಣಿಕೆ ತಂದರೆ, ಆ ಇನ್ನಿಂಗ್ಸ್‌ನಿಂದ ತಂಡಕ್ಕೆ ಬೇಕಾದ ಕೆಲಸ ಆಯಿತೇ ಎಂದು ಒಂದು ಮರುಪ್ರಶ್ನೆ ಹಾಕಿ.

ನಾಟೌಟ್ ಮೋಸವೇ?

ಇದು ಸ್ವಲ್ಪ ಬಿಡಿಸಿ ನೋಡಬೇಕಾದ ವಿಷಯ, ಅರ್ಧ ಜಗಳ ಇಲ್ಲಿಂದಲೇ ಹುಟ್ಟುತ್ತದೆ.

ಸರಾಸರಿ ಎಂದರೆ ರನ್‌ಗಳನ್ನು ಇನ್ನಿಂಗ್ಸ್‌ನಿಂದ ಭಾಗಿಸಿದ್ದಲ್ಲ, ಔಟಾದ ಸಲಗಳಿಂದ ಭಾಗಿಸಿದ್ದು. ಮೈಕಲ್ ಬೆವನ್ 196 ಇನ್ನಿಂಗ್ಸ್‌ಗಳಲ್ಲಿ 67 ಸಲ ಔಟಾಗದೆ ಉಳಿದರು. 6,912 ರನ್‌ಗಳನ್ನು 129ರಿಂದ ಭಾಗಿಸಿದರೆ 53.58. ಅದೇ 196ರಿಂದ ಭಾಗಿಸಿದರೆ 35.27. ‘ನೋಡಿ, ನಿಜವಾದ ಬೆವನ್ ಇವನು’ ಎನ್ನುವವರು ಇಲ್ಲಿ ಎಡವುತ್ತಾರೆ. ಆರನೇ ಕ್ರಮಾಂಕದಲ್ಲಿ ಬರುವವನಿಗೆ ಎಸೆತಗಳೇ ಮುಗಿದುಹೋಗುತ್ತವೆ. ಕೊನೆಯ ಏಳು ಓವರ್ ಇರುವಾಗ ಬಂದು 28 ಹೊಡೆದು ಔಟಾಗದೆ ಉಳಿದವನ ಇನ್ನಿಂಗ್ಸ್ ಅಲ್ಲಿಗೆ ಮುಗಿದದ್ದು ಅವನ ತಪ್ಪಿನಿಂದಲ್ಲ, ಓವರ್‌ಗಳು ಮುಗಿದದ್ದರಿಂದ. ಅದನ್ನು 28ಕ್ಕೆ ಔಟಾದ ಆರಂಭಿಕನ ಜತೆ ಒಂದೇ ತಕ್ಕಡಿಯಲ್ಲಿ ತೂಗಿದರೆ ಎತ್ತಿಗೂ ಕೋಣಕ್ಕೂ ಒಂದೇ ನೊಗ ಹೂಡಿದಂತೆ. ಬೆವನ್‌ಗೆ ಆರೇ ಶತಕ ಇರುವುದಕ್ಕೂ, ಸಚಿನ್‌ರ 49ರಲ್ಲಿ 45 ಆರಂಭಿಕನಾಗಿ ಬಂದದ್ದಕ್ಕೂ ಕಾರಣ ಇದೇ. ಶತಕ ಎಣಿಸುವುದೆಂದರೆ ಬಹುಮಟ್ಟಿಗೆ ಕ್ರಮಾಂಕ ಎಣಿಸುವುದು.

ಹಾಗಾದರೆ ಸರಾಸರಿ ಯಾವಾಗ ಸುಳ್ಳು ಹೇಳುತ್ತದೆ? ವೇಗ ಬಿಟ್ಟು ನೋಡಿದಾಗ. 1975ರ ಮೊದಲ ವಿಶ್ವಕಪ್‌ನ ಮೊದಲ ದಿನ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 60 ಓವರ್‌ಗಳಲ್ಲಿ 334 ಹೊಡೆಯಿತು. ಉತ್ತರವಾಗಿ ಸುನಿಲ್ ಗಾವಸ್ಕರ್ 174 ಎಸೆತ ಆಡಿ 36 ರನ್ ಗಳಿಸಿ ಔಟಾಗದೆ ಉಳಿದರು. ಭಾರತ 3 ವಿಕೆಟ್‌ಗೆ 132. ಸರಾಸರಿಯ ಲೆಕ್ಕದಲ್ಲಿ ಆ ದಿನ ಗಾವಸ್ಕರ್‌ಗೆ ಶುದ್ಧ ಲಾಭ: 36 ರನ್ ಸೇರಿತು, ಔಟ್ ಸೇರಲಿಲ್ಲ! ತಂಡದ ಲೆಕ್ಕದಲ್ಲಿ ಏನಾಯಿತು ಎಂದು ಹೇಳಬೇಕಿಲ್ಲ.

ಏಕದಿನದಲ್ಲಿ ತಂಡದ ಕೈಯಲ್ಲಿರುವ ಬಂಡವಾಳ ಎರಡೇ: 300 ಎಸೆತ, 10 ವಿಕೆಟ್. ಭಾಗಿಸಿದರೆ ಒಂದು ವಿಕೆಟ್‌ಗೆ 30 ಎಸೆತ. ಬ್ಯಾಟ್ಸ್‌ಮನ್ ಈ ಎರಡನ್ನೂ ಖರ್ಚು ಮಾಡುತ್ತಾನೆ. ಸರಾಸರಿ ಹೇಳುವುದು ವಿಕೆಟ್ ಖರ್ಚಿಗೆ ಬಂದ ಆದಾಯ, ಸ್ಟ್ರೈಕ್‌ರೇಟ್ ಹೇಳುವುದು ಎಸೆತದ ಖರ್ಚಿಗೆ ಬಂದ ಆದಾಯ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೋರಿಸುವವನು ಅರ್ಧ ಜಮಾಖರ್ಚು ತೋರಿಸುತ್ತಿದ್ದಾನೆ. ಸರಾಸರಿಯನ್ನು ಸ್ಟ್ರೈಕ್‌ರೇಟ್‌ನಿಂದ ಭಾಗಿಸಿ ನೂರರಿಂದ ಗುಣಿಸಿದರೆ, ಒಮ್ಮೆ ಔಟಾಗುವ ಮುನ್ನ ಎಷ್ಟು ಎಸೆತ ಆಡುತ್ತಾನೆ ಎಂಬುದು ಸಿಗುತ್ತದೆ. ನಿಮ್ಮ ಸ್ಪರ್ಧೆಗೆ ಬೇಕಾಗುವ ಕೆಲವರದ್ದು ಇಲ್ಲಿದೆ. ಕೊಹ್ಲಿಯ ಅಂಕಿ 2023ರ ವಿಶ್ವಕಪ್ ಮುಗಿದ ಹೊತ್ತಿನದು, ಅಲ್ಲಿಗೆ 280 ಇನ್ನಿಂಗ್ಸ್, 13,848 ರನ್.

- ರಿಚರ್ಡ್ಸ್: ಸರಾಸರಿ 47.00, ಸ್ಟ್ರೈಕ್‌ರೇಟ್ 90.20, ಔಟಿಗೆ 52 ಎಸೆತ
- ಸಚಿನ್: 44.83, 86.23, 52 ಎಸೆತ
- ಎಬಿ ಡಿವಿಲಿಯರ್ಸ್: 53.50, 101.09, 53 ಎಸೆತ
- ಕೊಹ್ಲಿ: 58.67, 93ಕ್ಕೂ ಸ್ವಲ್ಪ ಮೇಲೆ, ಸುಮಾರು 63 ಎಸೆತ
- ಬೆವನ್: 53.58, 74.16, 72 ಎಸೆತ
- ಧೋನಿ: 50.57, 87.56, 58 ಎಸೆತ
- ಸೆಹ್ವಾಗ್: 35.05, 104.33, ಸುಮಾರು 34 ಎಸೆತ

ಈ ಪಟ್ಟಿಯಲ್ಲಿ ಒಂದು ಕುತೂಹಲವಿದೆ. ರಿಚರ್ಡ್ಸ್, ಸಚಿನ್, ಡಿವಿಲಿಯರ್ಸ್ ಮೂವರೂ ಕ್ರೀಸಿನಲ್ಲಿ ಇರುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ ಹೊತ್ತು, 52-53 ಎಸೆತ. ಅವರ ನಡುವಿನ ವ್ಯತ್ಯಾಸವೆಲ್ಲ ವೇಗದ್ದು. ಕೊಹ್ಲಿ ಬೇರೆ ಜಾತಿ: ವೇಗದಲ್ಲಿ ರಿಚರ್ಡ್ಸ್‌ಗೆ ಹತ್ತಿರ, ಆದರೆ ಪ್ರತಿ ಸಲ ಹತ್ತು ಎಸೆತ ಹೆಚ್ಚು ನಿಲ್ಲುತ್ತಾರೆ. ಬೆವನ್ ಅದಕ್ಕಿಂತ ಹೆಚ್ಚು ನಿಲ್ಲುತ್ತಿದ್ದರು, ಆದರೆ ನಿಧಾನ. ಇನ್ನು ಸೆಹ್ವಾಗ್ ನಿಲ್ಲುತ್ತಿದ್ದದ್ದು ತಂಡದ ಪಾಲಿನ 30 ಎಸೆತಗಳಿಗಿಂತ ತುಸುವೇ ಹೆಚ್ಚು, ಅಷ್ಟರಲ್ಲೇ ಕೆಲಸ ಮುಗಿಸಿ ಹೊರಡುವ ಶೈಲಿ. ಇದನ್ನು ಮುಂದಿಟ್ಟರೆ ‘ನಾಟೌಟ್ ಮೋಸ’ ಎನ್ನುವ ಕೂಗು ತಾನಾಗಿ ತಣ್ಣಗಾಗುತ್ತದೆ. ಬೆವನ್ ವಿರುದ್ಧ ವಾದ ಮಾಡಬೇಕಿದ್ದರೆ ನಾಟೌಟ್ ಬಿಟ್ಟು 74.16ನ್ನು ಹಿಡಿಯಿರಿ, ಆಗ ವಾದ ನ್ಯಾಯದ್ದಾಗುತ್ತದೆ. ಅದಕ್ಕೂ ಅವರ ಕಾಲದ ಲೆಕ್ಕ ಬೇಕು, ಅಲ್ಲಿಗೇ ಬರುತ್ತೇನೆ.

ಸರಾಸರಿ ಮತ್ತು ಸ್ಟ್ರೈಕ್‌ರೇಟ್ ಗುಣಿಸಿ, ನೂರರಿಂದ ಭಾಗಿಸಿ ಒಂದೇ ಅಂಕಿ ಮಾಡುವ ಚಾಳಿಯೂ ಉಂಟು. ಹಾಗೆ ಮಾಡಿದರೆ ಕೊಹ್ಲಿ 55ರ ಹತ್ತಿರ, ಡಿವಿಲಿಯರ್ಸ್ 54, ಧೋನಿ 44, ರಿಚರ್ಡ್ಸ್ 42, ಸಚಿನ್ 39ರ ಹತ್ತಿರ ಬರುತ್ತಾರೆ. ಮೊದಲ ಜರಡಿಯಾಗಿ ಪರವಾಗಿಲ್ಲ. ತೀರ್ಪಾಗಿ ಬೇಡ. ಇದು ಇತ್ತೀಚಿನವರನ್ನು ಕಣ್ಣುಮುಚ್ಚಿ ಮೇಲಕ್ಕೆ ಎತ್ತುತ್ತದೆ.

ದಶಾಂಶದ ಜಗಳ ನಿಲ್ಲಿಸಿ

44.83 ದೊಡ್ಡದೋ 47.00 ದೊಡ್ಡದೋ ಎಂದು ಕಿತ್ತಾಡುವವರಿಗೆ ಒಂದು ಸಣ್ಣ ಲೆಕ್ಕ ಹೇಳಿಕೊಡಿ. ಏಕದಿನದ ಸ್ಕೋರುಗಳು ಸೊನ್ನೆಯಿಂದ ನೂರೈವತ್ತರವರೆಗೆ ಚೆಲ್ಲಾಪಿಲ್ಲಿ ಬೀಳುತ್ತವೆ, ಹಾಗಾಗಿ ಸರಾಸರಿಯಲ್ಲಿ ಅದೃಷ್ಟದ ಪಾಲು ಯಾವಾಗಲೂ ಇರುತ್ತದೆ. ಅದನ್ನು ಅಂದಾಜಿಸಲು ಸರಾಸರಿಯನ್ನು ಔಟಾದ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಸಚಿನ್ 411 ಸಲ ಔಟಾಗಿದ್ದಾರೆ, ವರ್ಗಮೂಲ ಸುಮಾರು 20, ಅಂದರೆ ಆಚೀಚೆ 2.2 ರನ್. ರಿಚರ್ಡ್ಸ್ 143 ಸಲ, ಆಚೀಚೆ 3.9. ಇಬ್ಬರ ನಡುವೆ ಇರುವ ಅಂತರವೇ 2.17. ಅಂದರೆ ಸರಾಸರಿಯ ಮಟ್ಟಿಗೆ ಇವರಿಬ್ಬರನ್ನು ಬೇರ್ಪಡಿಸಲು ಆಗುವುದೇ ಇಲ್ಲ. ಕೊಹ್ಲಿಯದ್ದು ಆಚೀಚೆ 3.8 ಇಟ್ಟುಕೊಂಡರೂ ಇಬ್ಬರಿಂದಲೂ ದೂರವೇ ಉಳಿಯುತ್ತದೆ. ಆ ಅಂತರ ನಿಜವಾದದ್ದು. ಅದರಲ್ಲಿ ಪ್ರತಿಭೆ ಎಷ್ಟು, ಕಾಲದ ಕೊಡುಗೆ ಎಷ್ಟು ಎಂಬುದು ಮುಂದಿನ ಪ್ರಶ್ನೆ.

ಈ ಲೆಕ್ಕದ ಇನ್ನೊಂದು ಉಪಯೋಗ: ಯಾರಾದರೂ ಚಾಲಾಕಿಯಾಗಿ ರಯಾನ್ ಟೆನ್ ಡೊಶೇಟ್ ಹೆಸರು ತಂದಾರು. ನೆದರ್ಲೆಂಡ್ಸ್‌ನ ಈ ಆಟಗಾರನ ಸರಾಸರಿ 67.00. ಆದರೆ 33 ಪಂದ್ಯ, 23 ಸಲ ಔಟ್. ಆಚೀಚೆ 14 ರನ್! ಜತೆಗೆ ಎದುರಾಳಿಗಳಲ್ಲಿ ಹೆಚ್ಚಿನವು ಸಣ್ಣ ತಂಡಗಳು. 2011ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಎದುರು ಹೊಡೆದ 119 ನೋಡಿದವರು ಅವರನ್ನು ಹಗುರವಾಗಿ ಕಾಣಲಾರರು, ಆದರೂ ಈ ಚರ್ಚೆಗೆ ಅಷ್ಟು ಸಾಲದು. ಕನಿಷ್ಠ 100 ಸಲ ಔಟಾದವರು ಮಾತ್ರ ಎಂದು ನಿಯಮ ಇಟ್ಟುಕೊಳ್ಳಿ.

ಕಾಲದ ಲೆಕ್ಕ: ರಿಚರ್ಡ್ಸ್ ಈಗ ಆಡಿದ್ದರೆ?

ನಿಮ್ಮ ಹಿರಿಯರ ಮಾತಿನಲ್ಲಿ ಹುರುಳಿದೆ, 130 ಎಂಬ ಅಂಕಿಯಲ್ಲಿ ಇಲ್ಲ.

ಆಟ ಎಷ್ಟು ಬದಲಾಗಿದೆ ನೋಡಿ. 1975, 79, 83ರ ವಿಶ್ವಕಪ್‌ಗಳು 60 ಓವರ್‌ಗಳವು, 1987ರಿಂದ 50. 1992ರ ವಿಶ್ವಕಪ್‌ನಲ್ಲಿ ಮೊದಲ 15 ಓವರ್ ಮೈದಾನದ ಒಳವೃತ್ತದ ಹೊರಗೆ ಇಬ್ಬರೇ ಫೀಲ್ಡರ್‌ಗಳು ಎಂಬ ನಿಯಮ ಬಂದ ಮೇಲೆ ಆರಂಭಿಕರು ಮೇಲಿಂದ ಹೊಡೆಯಲು ಕಲಿತರು. 2005ರಲ್ಲಿ ಪವರ್‌ಪ್ಲೇ, ಅಂದರೆ ವೃತ್ತದ ಹೊರಗಿನ ಫೀಲ್ಡರ್‌ಗಳಿಗೆ ಮಿತಿ ಹಾಕುವ ಓವರ್‌ಗಳು. 2011ರ ಅಕ್ಟೋಬರ್‌ನಿಂದ ಎರಡು ತುದಿಗೆ ಎರಡು ಹೊಸ ಚೆಂಡು. 2012ರಲ್ಲಿ ವೃತ್ತದ ಹೊರಗೆ ಗರಿಷ್ಠ ನಾಲ್ವರು, 2015ರಲ್ಲಿ ಕೊನೆಯ ಹತ್ತು ಓವರ್‌ಗಳಿಗೆ ಮತ್ತೆ ಐವರು. ಬ್ಯಾಟು ಎಷ್ಟು ದಪ್ಪವಾಯಿತೆಂದರೆ 2017ರಲ್ಲಿ ಅಂಚು 40 ಮಿಲಿಮೀಟರ್, ಒಟ್ಟು ದಪ್ಪ 67 ಮಿಲಿಮೀಟರ್ ಮೀರಬಾರದು ಎಂದು ಕಾನೂನೇ ಮಾಡಬೇಕಾಯಿತು.

ಇವುಗಳಲ್ಲಿ ಹೆಚ್ಚು ಪರಿಣಾಮ ಮಾಡಿದ್ದು, ಆದರೆ ಚರ್ಚೆಯಲ್ಲಿ ಕಡಿಮೆ ಬರುವುದು, ಎರಡು ಚೆಂಡಿನ ನಿಯಮ. ಒಂದೇ ಚೆಂಡು 50 ಓವರ್ ಸವೆಯುತ್ತಿದ್ದಾಗ 30-35ನೇ ಓವರ್ ನಂತರ ಅದು ಒರಟಾಗಿ, ಮೆತ್ತಗಾಗಿ, ವಕಾರ್ ಯೂನಿಸ್‌ರಂಥವರ ಕೈಯಲ್ಲಿ ರಿವರ್ಸ್ ಸ್ವಿಂಗ್ (ಹಳೇ ಚೆಂಡು ಗಾಳಿಯಲ್ಲಿ ವಿರುದ್ಧ ದಿಕ್ಕಿಗೆ ತಿರುಗುವುದು) ಆಗುತ್ತಿತ್ತು. ಬಿಳಿ ಬಣ್ಣ ಮಾಸಿ ಕಾಣುವುದೂ ಕಷ್ಟ. ಹಾಗಾಗಿ 2007ರಿಂದ 34 ಓವರ್ ಆದ ಮೇಲೆ ಚೆಂಡು ಬದಲಿಸುವುದನ್ನು ಕಡ್ಡಾಯ ಮಾಡಿದರು. ಎರಡು ಚೆಂಡು ಬಂದ ಮೇಲೆ ಇನ್ನಿಂಗ್ಸ್ ಮುಗಿಯುವಾಗಲೂ ಒಂದೊಂದು ಚೆಂಡಿನ ವಯಸ್ಸು 25 ಓವರ್. ಗಟ್ಟಿ ಚೆಂಡು ಬ್ಯಾಟಿನಿಂದ ಚೆನ್ನಾಗಿ ಹಾರುತ್ತದೆ, ರಿವರ್ಸ್ ಇಲ್ಲ, ಸ್ಪಿನ್ನರ್‌ಗೆ ಹಿಡಿತ ಕಡಿಮೆ. ‘ಹಾಗಾದರೆ ಎಲ್ಲವೂ ಸುಲಭವಾಯಿತು’ ಎಂದರೆ ಅದೂ ತಪ್ಪು. ಸ್ವಿಂಗ್ ಇರುವ ಕಡೆ ಹೊಸ ಚೆಂಡು ಎರಡೂ ತುದಿಯಿಂದ ಹೆಚ್ಚು ಹೊತ್ತು ಹೊಸದಾಗಿಯೇ ಇರುತ್ತದೆ, ಆರಂಭಿಕನ ಕೆಲಸ ಕಠಿಣವಾಗುತ್ತದೆ. ಲಾಭವಾದದ್ದು 25ನೇ ಓವರ್ ನಂತರವೂ ಕ್ರೀಸಿನಲ್ಲಿ ಉಳಿದವನಿಗೆ. ಈ ಅಸಮತೋಲ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಗೂ (ಐಸಿಸಿ) ಅರ್ಥವಾಗಿ, 2025ರ ಜುಲೈನಿಂದ 34 ಓವರ್‌ವರೆಗೆ ಎರಡು ಚೆಂಡು, ಕೊನೆಯ 16 ಓವರ್‌ಗೆ ಅವುಗಳಲ್ಲೇ ಒಂದು ಎಂದು ಮಾಡಿದೆ.

ಒಟ್ಟು ಪರಿಣಾಮ: 1980ರ ದಶಕದಲ್ಲಿ ತಂಡಗಳ ರನ್ ಗತಿ ಓವರಿಗೆ ನಾಲ್ಕೂವರೆಯ ಕೆಳಗಿತ್ತು, 2010ರ ನಂತರ ಐದನ್ನು ದಾಟಿದೆ. ಹಾಗಾಗಿ ಕಾಲ ಬೇರೆಯಾದವರನ್ನು ನೇರವಾಗಿ ಅಕ್ಕಪಕ್ಕ ನಿಲ್ಲಿಸಬೇಡಿ. ಇಬ್ಬರನ್ನೂ ಅವರವರ ಜತೆಯವರ ಪಕ್ಕ ನಿಲ್ಲಿಸಿ, ಎಷ್ಟು ಎತ್ತರ ಎಂದು ನೋಡಿ.

ರಿಚರ್ಡ್ಸ್‌ರ ತಂಡದಲ್ಲೇ ಇದ್ದ ಇಬ್ಬರು ಮಹಾನ್ ಆರಂಭಿಕರು ಗೋರ್ಡನ್ ಗ್ರೀನಿಜ್ (ಸರಾಸರಿ 45.03, ಸ್ಟ್ರೈಕ್‌ರೇಟ್ 64.92) ಮತ್ತು ಡೆಸ್ಮಂಡ್ ಹೇನ್ಸ್ (41.37, 63.09). ಅದೇ ಪಿಚ್‌ಗಳು, ಅದೇ ಬೌಲರ್‌ಗಳು. ರಿಚರ್ಡ್ಸ್ ಅವರಿಗಿಂತ ಶೇ 40ರಷ್ಟು ವೇಗ, ಸರಾಸರಿ ಅವರಿಗಿಂತ ತುಸು ಮೇಲೆಯೇ. ವೇಗ ಹೆಚ್ಚಿಸಿದರೆ ವಿಕೆಟ್ ಬೇಗ ಹೋಗಬೇಕು, ಅದು ಆಟದ ಸಾಮಾನ್ಯ ಧರ್ಮ. ರಿಚರ್ಡ್ಸ್‌ಗೆ ಆ ಸುಂಕ ಬೀಳಲೇ ಇಲ್ಲ.

ಈಗ ಕೊಹ್ಲಿ. ಜತೆಯಲ್ಲಿ ಆಡಿದ ಶಿಖರ್ ಧವನ್‌ರ ಸರಾಸರಿ 44.11, ಸ್ಟ್ರೈಕ್‌ರೇಟ್ 91.35. ವೇಗದಲ್ಲಿ ಇಬ್ಬರೂ ಸಮ, ಸರಾಸರಿಯಲ್ಲಿ ಕೊಹ್ಲಿ ಶೇ 33 ಮೇಲೆ. ಸಚಿನ್‌ರನ್ನು ಗಂಗೂಲಿ (41.02, 73.70) ಪಕ್ಕ ನಿಲ್ಲಿಸಿದರೆ ಸರಾಸರಿಯಲ್ಲಿ ಶೇ 9, ವೇಗದಲ್ಲಿ ಶೇ 17 ಮುಂದೆ. ಸಚಿನ್ ಆರಂಭಿಕನಾಗಿ ಆಡಿದ್ದನ್ನಷ್ಟೇ ತೆಗೆದುಕೊಂಡರೆ (15,310 ರನ್, ಸರಾಸರಿ 48.29) ಅಂತರ ಇನ್ನೂ ಹಿಗ್ಗುತ್ತದೆ. ಅವರು ಮೊದಲ ಸಲ ಇನ್ನಿಂಗ್ಸ್ ಆರಂಭಿಸಿದ್ದೇ 1994ರ ಮಾರ್ಚ್‌ನಲ್ಲಿ ಆಕ್ಲೆಂಡ್‌ನಲ್ಲಿ, 49 ಎಸೆತಗಳಲ್ಲಿ 82. ಮೊದಲ ಶತಕ ಬಂದದ್ದು 79ನೇ ಪಂದ್ಯದಲ್ಲಿ. ಅಂದರೆ ತಪ್ಪು ಜಾಗದಲ್ಲಿ ಕಳೆದ ನಾಲ್ಕು ವರ್ಷದ ಭಾರವನ್ನೂ ಆ 44.83 ಹೊತ್ತಿದೆ.

ಇಲ್ಲೂ ಒಂದು ಹಳ್ಳವಿದೆ, ಬೀಳಬೇಡಿ. ಸಹ ಆಟಗಾರರು ಬಲಾಢ್ಯರಾದರೆ ನಿಮ್ಮವನು ಕುಳ್ಳಗೆ ಕಾಣುತ್ತಾನೆ (ಪಾಂಟಿಂಗ್ ಪಕ್ಕ ಗಿಲ್‌ಕ್ರಿಸ್ಟ್, ಹೇಡನ್ ಇದ್ದರು). ದುರ್ಬಲರಾದರೆ ಎತ್ತರ ಕಾಣುತ್ತಾನೆ (ಜಿಂಬಾಬ್ವೆಯ ಆಂಡಿ ಫ್ಲವರ್). ಅದಕ್ಕೆ ಪರಿಹಾರ, ಅವನು ಆಡಿದ ಪ್ರತಿ ಪಂದ್ಯದಲ್ಲೂ ಎರಡೂ ತಂಡಗಳ ಮೊದಲ ಆರು ಕ್ರಮಾಂಕದವರ ರನ್, ಔಟ್, ಎಸೆತ ಕೂಡಿಸಿ, ಅವನದನ್ನು ಕಳೆದು, ಉಳಿದ ಸರಾಸರಿ ಮತ್ತು ವೇಗಕ್ಕೆ ಅವನದನ್ನು ಹೋಲಿಸುವುದು. ಆಗ ಪಿಚ್ಚು, ನಿಯಮ, ಚೆಂಡು ಎಲ್ಲವೂ ತಾನಾಗಿ ಸರಿದೂಗುತ್ತವೆ. ಸ್ಕೋರ್‌ಕಾರ್ಡ್‌ಗಳಿದ್ದರೆ ಒಬ್ಬ ಆಟಗಾರನಿಗೆ ಒಂದು ಸಂಜೆಯ ಕೆಲಸ. 1970-80ರ ದಶಕದ ಕೆಲವು ಪಂದ್ಯಗಳಲ್ಲಿ ಎಸೆತಗಳ ಎಣಿಕೆ ಅಪೂರ್ಣ, ಅವನ್ನು ವೇಗದ ಲೆಕ್ಕದಿಂದ ಕೈಬಿಡಿ.

ಇಷ್ಟಾದರೂ 130 ಏಕೆ ಬರುವುದಿಲ್ಲ? ಶೇ 40 ಎಂಬ ಅನುಪಾತವನ್ನು ಇಂದಿನ 90ಕ್ಕೆ ಹಚ್ಚಿದರೆ 126 ಬರುತ್ತದೆ ನಿಜ. ಆದರೆ ಎಲ್ಲರೂ ನಿಧಾನವಾಗಿ ಆಡುತ್ತಿದ್ದ ಕಾಲದಲ್ಲಿ ಹೊಡೆಯದೆ ಬಿಟ್ಟ ಎಸೆತಗಳು ಬೇಕಾದಷ್ಟಿದ್ದವು, ಮುಂದೆ ಹೋಗಲು ಜಾಗವಿತ್ತು. ಈಗ ಎಲ್ಲರೂ ಆ ಜಾಗವನ್ನು ತುಂಬಿಬಿಟ್ಟಿದ್ದಾರೆ. ಮೇಲಕ್ಕೆ ಹೋದಂತೆ ಒಂದೊಂದು ಶೇಕಡಾಕ್ಕೂ ವಿಕೆಟ್ ರೂಪದ ಬೆಲೆ ದುಬಾರಿ. ಡಿವಿಲಿಯರ್ಸ್ 2015ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 31 ಎಸೆತಕ್ಕೆ ಶತಕ ಹೊಡೆದವರು, ಅವರ ಜೀವಮಾನದ ಸ್ಟ್ರೈಕ್‌ರೇಟೇ 101. ರಿಚರ್ಡ್ಸ್ ಈಗ ಆಡಿದ್ದರೆ ಅದರ ಆಸುಪಾಸು ಅಥವಾ ತುಸು ಮೇಲೆ ಎಂದರೆ ನಾನು ಒಪ್ಪುತ್ತೇನೆ. ಮತ್ತೆ, ಅವರ ಕಾಲದ ಅತಿ ಕಠಿಣ ಬೌಲರ್‌ಗಳನ್ನು ಅವರು ಅಂತರರಾಷ್ಟ್ರೀಯ ಪಂದ್ಯದಲ್ಲಿ ಎದುರಿಸಲೇ ಇಲ್ಲ, ಅವರೆಲ್ಲ ಅವರದೇ ತಂಡದಲ್ಲಿದ್ದರು. ಜೋಯಲ್ ಗಾರ್ನರ್ ಓವರಿಗೆ ಬರೀ 3.09 ರನ್ ಕೊಟ್ಟು 146 ವಿಕೆಟ್ ತೆಗೆದವರು. ಸಚಿನ್‌ಗೆ ಮೆಕ್‌ಗ್ರಾ, ವಾಸಿಂ, ಡೊನಾಲ್ಡ್, ವಾರ್ನ್, ಮುರಳಿ ಯಾರನ್ನೂ ತಪ್ಪಿಸಿಕೊಳ್ಳುವ ಭಾಗ್ಯವಿರಲಿಲ್ಲ.

ಬೆನ್ನಟ್ಟುವ ಆಟ, ವಿಶ್ವಕಪ್ ತೂಕ

ಕೊಹ್ಲಿ ಪರ ವಾದಿಸುವವರು ‘ಗೆದ್ದ ಚೇಸ್‌ಗಳಲ್ಲಿ ಸರಾಸರಿ’ ಎಂಬ ಅಂಕಿ ತರುತ್ತಾರೆ. ಅದನ್ನು ತಡೆಯಿರಿ. ಚೇಸ್ ಗೆದ್ದಿದ್ದಾರೆ ಎಂದರೆ ಯಾರೋ ಒಬ್ಬ ಔಟಾಗದೆ ನಿಂತಿದ್ದಾನೆ ಎಂದೇ ಅರ್ಥ. ಫಲವನ್ನು ಮೊದಲೇ ಆರಿಸಿಕೊಂಡು ಮರವನ್ನು ಹೊಗಳಿದಂತೆ. ಆ ಅಂಕಿಯಲ್ಲಿ ಧೋನಿಯ ಸರಾಸರಿ ನೂರರ ಮೇಲಿದೆ, ಬೆವನ್‌ರದು 80ರ ಮೇಲೆ. ಗೆದ್ದದ್ದು, ಸೋತದ್ದು ಎರಡನ್ನೂ ಸೇರಿಸಿ ನೋಡಬೇಕು. ಹಾಗೆ ನೋಡಿದರೂ ಕೊಹ್ಲಿಯದು 65ರ ಆಸುಪಾಸು, ಸಚಿನ್‌ರದು 42.33. ಕಾಲದ ಲೆಕ್ಕ ಎಷ್ಟೇ ಕಳೆದರೂ ಈ ಅಂತರ ಮುಚ್ಚುವುದಿಲ್ಲ.

ಕಾರಣ ಹೊಡೆತದಲ್ಲಿಲ್ಲ, ಖಾಲಿ ಎಸೆತಗಳಲ್ಲಿದೆ. ಓವರಿಗೆ ಆರು ಬೇಕಿರುವಾಗ ಎರಡು ಎಸೆತ ಖಾಲಿ ಹೋದರೆ ಉಳಿದ ನಾಲ್ಕರಲ್ಲಿ ಒಂದೂವರೆಯ ಲೆಕ್ಕ, ಬೌಂಡರಿಗೆ ಕೈಹಾಕಲೇಬೇಕು, ಅಪಾಯ ಅಲ್ಲಿಂದ ಶುರು. ಕೊಹ್ಲಿ ಕವರ್ಸ್ ಕಡೆಗೋ ಮಿಡ್‌ವಿಕೆಟ್‌ಗೋ ತಳ್ಳಿ ಓಡಿ, ಒಂದನ್ನು ಎರಡು ಮಾಡಿ ಆ ಒತ್ತಡ ಹುಟ್ಟಲು ಬಿಡುವುದಿಲ್ಲ. ಒತ್ತಡ ಹುಟ್ಟಿಬಿಟ್ಟಿದ್ದರೂ ಏನಾಗುತ್ತದೆ ಎಂಬುದಕ್ಕೆ 2012ರ ಫೆಬ್ರುವರಿ 28ರ ಹೋಬಾರ್ಟ್ ಇದೆ. ಶ್ರೀಲಂಕಾ ಎದುರು ಗುರಿ 321. ಬರೀ ಗೆದ್ದರೆ ಸಾಲದು, ಬೋನಸ್ ಅಂಕಕ್ಕಾಗಿ 40 ಓವರ್‌ಗಳೊಳಗೆ ಮುಗಿಸಬೇಕು. 36.4 ಓವರ್‌ಗಳಲ್ಲಿ ಮುಗಿಯಿತು, ಕೊಹ್ಲಿ 86 ಎಸೆತಗಳಲ್ಲಿ ಅಜೇಯ 133. ಮಾಲಿಂಗ 7.4 ಓವರ್‌ಗಳಲ್ಲಿ 96 ಕೊಟ್ಟರು. ಯಾರ್ಕರ್ ಹಾಕಲು ಹೋಗಿ ಸ್ವಲ್ಪ ತಪ್ಪಿದ ಎಸೆತವೆಲ್ಲ ಲೆಗ್‌ಸೈಡಿನ ಹಗ್ಗಕ್ಕೆ.

ವಿಶ್ವಕಪ್‌ಗೆ ಹೆಚ್ಚು ತೂಕ ಕೊಡಬೇಕೇ? ಕೊಡಿ, ಆದರೆ ಇಡೀ ವಿಶ್ವಕಪ್‌ಗಳಿಗೆ, ಬರೀ ಫೈನಲ್‌ಗಳಿಗಲ್ಲ. ಸಚಿನ್ 2,278 ರನ್ (ಸರಾಸರಿ 56.95), ಕೊಹ್ಲಿ 1,795 (59.83), ಡಿವಿಲಿಯರ್ಸ್ 1,207 (63.52), ರಿಚರ್ಡ್ಸ್ 1,013 (63.31). ನಾಲ್ವರೂ ದೊಡ್ಡ ವೇದಿಕೆಯಲ್ಲಿ ತಮ್ಮ ಮಟ್ಟಕ್ಕಿಂತ ಮೇಲೆ ಅಥವಾ ಸಮಕ್ಕೆ ಆಡಿದವರೇ. ಫೈನಲ್ ಎಂದರೆ 1979ರ ರಿಚರ್ಡ್ಸ್‌ರ ಅಜೇಯ 138 ಕಣ್ಣಿಗೆ ಕಟ್ಟುತ್ತದೆ, ಸಚಿನ್‌ರ 4 ಮತ್ತು 18 ಚುಚ್ಚುತ್ತವೆ. ಎರಡು ಇನ್ನಿಂಗ್ಸ್‌ನಿಂದ 452 ಇನ್ನಿಂಗ್ಸ್‌ನ ಮನುಷ್ಯನನ್ನು ಅಳೆಯುವುದು ಗಣಿತವಲ್ಲ, ಮುನಿಸು.

ನಿಮ್ಮ ಮುಂದಿರುವ ದಾರಿಗಳು

ಮೂರು ಬಗೆಯಲ್ಲಿ ಸ್ಪರ್ಧೆಯನ್ನು ಕಟ್ಟಬಹುದು, ಮೂರಕ್ಕೂ ಅಪಾಯವಿದೆ.

ಇಡೀ ಜೀವಮಾನದ ದುಡಿಮೆಗೆ ಅಂಕ ಕೊಟ್ಟರೆ ಸಚಿನ್ ಗೆಲ್ಲುವುದು ಬಹುತೇಕ ಖಚಿತ. 1989ರಿಂದ 2012ರವರೆಗೆ ಇಪ್ಪತ್ತೆರಡು ವರ್ಷ, ನಿಯಮ ನಾಲ್ಕಾರು ಸಲ ಬದಲಾದರೂ ಮಟ್ಟ ಇಳಿಯಲಿಲ್ಲ. ಪುರುಷರ ಏಕದಿನದ ಮೊದಲ ದ್ವಿಶತಕ ಗ್ವಾಲಿಯರ್‌ನಲ್ಲಿ ಬಂದಾಗ ವಯಸ್ಸು 36. ಅಪಾಯವೆಂದರೆ, ಕಡಿಮೆ ಪಂದ್ಯಗಳಿದ್ದ ಕಾಲದವರಿಗೆ ಈ ಓಟದಲ್ಲಿ ಅವಕಾಶವೇ ಇಲ್ಲ. ಕೊಹ್ಲಿ 14,000 ರನ್‌ಗೆ 287 ಇನ್ನಿಂಗ್ಸ್ ತೆಗೆದುಕೊಂಡರು, ಸಚಿನ್ 350. ಆದ್ದರಿಂದ ಈ ಮೊದಲ ದಾರಿಯಲ್ಲೂ ಪೈಪೋಟಿ ಪೂರ್ತಿ ಮುಗಿದಿಲ್ಲ.

ಶಿಖರಕ್ಕೆ, ಅಂದರೆ ಅತ್ಯುತ್ತಮ ನಾಲ್ಕೈದು ವರ್ಷಗಳಿಗೆ ಅಂಕ ಕೊಟ್ಟರೆ ಪಟ್ಟಿ ತಿರುಗುತ್ತದೆ. ಐಸಿಸಿ ರೇಟಿಂಗ್‌ನಲ್ಲಿ ಈವರೆಗಿನ ಗರಿಷ್ಠ 935, 1985ರ ರಿಚರ್ಡ್ಸ್‌ರದು. ಎರಡನೆಯದು 931, ಪಾಕಿಸ್ತಾನದ ಜಹೀರ್ ಅಬ್ಬಾಸ್. ಈ ಹೆಸರನ್ನು ನಿಮ್ಮ ಸ್ಪರ್ಧಿಗಳಲ್ಲಿ ಒಬ್ಬನಾದರೂ ತಂದರೆ ಅವನಿಗೆ ಕಣ್ಣುಮುಚ್ಚಿ ಒಂದು ಅಂಕ ಹೆಚ್ಚು ಕೊಡಿ. ಕೊಹ್ಲಿ 900 ದಾಟಿದ್ದಾರೆ. 1998ರಲ್ಲಿ ಒಂದೇ ವರ್ಷ 1,894 ರನ್, 9 ಶತಕ ಹೊಡೆದ ಸಚಿನ್‌ರದು 887. ಇಲ್ಲಿನ ಅಪಾಯ: ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬ ಗೆರೆಯನ್ನು ವಾದಿ ತನ್ನ ಮೂಗಿನ ನೇರಕ್ಕೆ ಎಳೆಯುತ್ತಾನೆ. ಎಲ್ಲರಿಗೂ ಒಂದೇ ಅಳತೆ, ಉದಾಹರಣೆಗೆ ಸತತ 75 ಇನ್ನಿಂಗ್ಸ್, ಎಂದು ಕಟ್ಟಿಹಾಕಿ.

ಮೂರನೆಯದು ಕೆಲಸವಾರು ವಿಂಗಡಣೆ: ಆರಂಭಿಕ, ಮೂರು-ನಾಲ್ಕನೇ ಕ್ರಮಾಂಕ, ಮುಗಿಸುವವನು. ಲೆಕ್ಕ ಅತ್ಯಂತ ನ್ಯಾಯವಾಗಿರುವುದು ಇದರಲ್ಲೇ. ಆದರೆ ಚರ್ಚೆ ಸಪ್ಪೆಯಾಗುತ್ತದೆ, ಎಲ್ಲರಿಗೂ ಒಂದೊಂದು ಕಪ್ ಹಂಚಿದ ಹಾಗೆ.

ನನ್ನನ್ನು ಕೇಳಿದರೆ ಎರಡನೆಯದನ್ನು ಇಟ್ಟುಕೊಳ್ಳಿ. ಕೇಳಿದ ಹೆಸರೂ ಅದರಲ್ಲೇ ಇದೆ: ರಿಚರ್ಡ್ಸ್. ಕಾರಣ 1984ರ ಮೇ 31ರ ಓಲ್ಡ್ ಟ್ರಾಫರ್ಡ್‌ನಲ್ಲಿ ಕಾಣುತ್ತದೆ. 55 ಓವರ್‌ಗಳ ಪಂದ್ಯ, ಇಂಗ್ಲೆಂಡ್ ಎದುರಾಳಿ. ವೆಸ್ಟ್ ಇಂಡೀಸ್ 102ಕ್ಕೆ 7, ಆಮೇಲೆ 166ಕ್ಕೆ 9. ಕೊನೆಯವನಾಗಿ ಬಂದ ಮೈಕಲ್ ಹೋಲ್ಡಿಂಗ್ ಜತೆ ಮುರಿಯದ 106ರ ಜತೆಯಾಟ, ಅದರಲ್ಲಿ ಹೋಲ್ಡಿಂಗ್ ಪಾಲು 12. ತಂಡ 272, ರಿಚರ್ಡ್ಸ್ 170 ಎಸೆತಗಳಲ್ಲಿ ಅಜೇಯ 189. ಉಳಿದವರೆಲ್ಲ, ಇತರೆ ರನ್ ಸೇರಿಸಿ, ಸುಮಾರು 160 ಎಸೆತಗಳಲ್ಲಿ 83. ಇಂಗ್ಲೆಂಡ್ ಆಲೌಟ್ 168, ಅಂದರೆ ಇಡೀ ಎದುರಾಳಿ ತಂಡಕ್ಕಿಂತ ಒಬ್ಬನೇ ಹೆಚ್ಚು. ಒಂದು ದಿನದ ಪವಾಡ ಅನ್ನಬಹುದು, ಆದರೆ ಇಡೀ ಜೀವಮಾನದ ಅಂಕಿಗಳೂ ಇದೇ ಆಕಾರದಲ್ಲಿವೆ: ಉಳಿದವರಿಗೆ ಆಗದ ವೇಗ, ಅದಕ್ಕೆ ತೆರಬೇಕಾದ ಬೆಲೆ ತೆರದೆ. ಇದರ ವಿರುದ್ಧ ಬರಬಹುದಾದ ಎರಡು ಬಲವಾದ ವಾದಗಳನ್ನು, 167 ಇನ್ನಿಂಗ್ಸ್‌ಗಳೇ ಎಂಬುದು ಮತ್ತು ಗಾರ್ನರ್ ಬಳಗವನ್ನು ಎದುರಿಸಲಿಲ್ಲ ಎಂಬುದು, ನಾನೇ ಕೊಟ್ಟಿದ್ದೇನೆ. ಸಚಿನ್ ಪರ ವಾದಿಸುವವನು ಇವನ್ನು ಎತ್ತದಿದ್ದರೆ ಅವನ ತಯಾರಿ ಸಾಲದು. ಇನ್ನು ಪ್ರಶ್ನೆ ‘280 ಬೆನ್ನಟ್ಟಲು ಯಾರನ್ನು ಕಳಿಸುತ್ತೀರಿ’ ಎಂದಿದ್ದರೆ ಒಂದು ಕ್ಷಣವೂ ಯೋಚಿಸದೆ ಕೊಹ್ಲಿ ಎಂದು ಬರೆಯುತ್ತಿದ್ದೆ.

ಕೊನೆಯದಾಗಿ ಅಂಕ ಕಡಿತಕ್ಕೆ ಒಂದು ನಿಯಮ ಇಟ್ಟುಕೊಳ್ಳಿ. ಮಾತಿನ ಭರದಲ್ಲಿ ಯಾರಾದರೂ ‘ಏಕದಿನದ ಮೊಟ್ಟಮೊದಲ ದ್ವಿಶತಕ ಸಚಿನ್‌ರದು’ ಎಂದರೆ ಒಂದು ಅಂಕ ಕಳೆಯಿರಿ. ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ 1997ರ ಡಿಸೆಂಬರ್‌ನಲ್ಲಿ, ಮಹಿಳಾ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ಎದುರು ಮುಂಬೈಯಲ್ಲಿ ಅಜೇಯ 229 ಹೊಡೆದಿದ್ದರು. ಗ್ವಾಲಿಯರ್‌ಗಿಂತ ಹನ್ನೆರಡು ವರ್ಷ ಮೊದಲು.